ಈಗ ಕೇಳುತ್ತಿರುವ ಆಲ್ಬಂಗಳನ್ನು ಗೆಳೆಯರ ಜೊತೆ ಹಂಚಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಗೆಳೆಯರ ಗ್ರೂಪಿನಲ್ಲಿ ಯಾರೋ ಒಂದು ಲಿಂಕ್ ಹಾಕುತ್ತಾರೆ. ಜೊತೆಗೆ ‘ಕೇಳಿ, ಸಖತ್ತಾಗಿದೆ’ ಅಂತ ಒಂದು ಸಾಲು. ಇಬ್ಬರು ಹಾರ್ಟ್ ಒತ್ತುತ್ತಾರೆ. ಸಂಜೆಯೊಳಗೆ ಅದರ ಮೇಲೆ ಐವತ್ತು ಮೆಸೇಜ್ ಬಿದ್ದು ಲಿಂಕ್ ಎಲ್ಲೋ ಹೂತುಹೋಗಿರುತ್ತದೆ. ಪೂರ್ತಿ ಕೇಳಿದವರು ಯಾರೂ ಇರುವುದಿಲ್ಲ.

ಇದಕ್ಕೆ ಗೆಳೆಯರ ಸೋಮಾರಿತನ ಕಾರಣ ಅಂತ ನನಗೆ ಅನಿಸುವುದಿಲ್ಲ. ಒಂದು ಹಾಡು ಕಳಿಸುವುದು ಬೇರೆ, ಆಲ್ಬಂ ಕಳಿಸುವುದು ಬೇರೆ. ಆಲ್ಬಂ ಕಳಿಸಿದರೆ ಇನ್ನೊಬ್ಬರ ದಿನದಲ್ಲಿ ಮುಕ್ಕಾಲು ಗಂಟೆ ಬಿಡುವು ಮಾಡಿಕೊಳ್ಳಿ ಅಂದ ಹಾಗೆ. ಅಷ್ಟು ಹೊತ್ತು ಬೇಕು ಅನ್ನುವವರು ಕೊಡುವ ಮೊದಲು ಹತ್ತು ನಿಮಿಷ ತಯಾರಿ ಮಾಡಬೇಕು. ಆ ತಯಾರಿ ಇದ್ದರೆ ಜನ ಖಂಡಿತ ಕೇಳುತ್ತಾರೆ. ನನ್ನ ಇಷ್ಟದ ಆಲ್ಬಂಗಳಲ್ಲಿ ಜಾಸ್ತಿ ಪಾಲು ಗೆಳೆಯರ ಕೈಯಿಂದಲೇ ಬಂದವು. ಆ್ಯಪ್‌ಗಳು ತೋರಿಸುವ ‘ನಿಮಗಾಗಿ’ ಪಟ್ಟಿಯಿಂದ ಬಂದವು ಬಹಳ ಕಡಿಮೆ.

ಹಂತ 1: ಈಗ ಕೇಳುತ್ತಿರುವುದನ್ನೇ ಆರಿಸಿ

ಆಲ್ಬಂ ಹಂಚಿಕೊಳ್ಳೋಣ ಅಂದ ತಕ್ಷಣ ಎಲ್ಲರ ತಲೆ ಓಡುವುದು ‘ನನ್ನ ಸಾರ್ವಕಾಲಿಕ ಮೆಚ್ಚಿನದು ಯಾವುದು’ ಅನ್ನುವ ಕಡೆಗೆ. ಅದನ್ನು ಸದ್ಯಕ್ಕೆ ಬದಿಗಿಡಿ. ಸಾರ್ವಕಾಲಿಕ ಮೆಚ್ಚಿನ ಆಲ್ಬಂ ಬಗ್ಗೆ ನಾವು ಹೇಳುವ ಮಾತುಗಳು ಹಳೆಯವಾಗಿರುತ್ತವೆ. ಹತ್ತು ವರ್ಷದಿಂದ ಅದನ್ನೇ ಹೇಳುತ್ತಾ ಬಂದಿರುತ್ತೇವೆ. ಈ ವಾರ ನಿಮ್ಮನ್ನು ಹಿಡಿದಿಟ್ಟುಕೊಂಡಿರುವ ಆಲ್ಬಂ ಹಾಗಲ್ಲ. ಅದರ ಬಗ್ಗೆ ನಿಮಗಿನ್ನೂ ಕುತೂಹಲ ಇದೆ. ಆ ಕುತೂಹಲವೇ ಗೆಳೆಯರಿಗೆ ದಾಟುವುದು.

ಯಾವುದು ನಿಜಕ್ಕೂ ನಿಮ್ಮ ಕಿವಿಯಲ್ಲಿದೆ ಅಂತ ಪತ್ತೆ ಮಾಡುವುದು ಸುಲಭ. ಆ್ಯಪ್‌ನಲ್ಲಿ ಇತ್ತೀಚೆಗೆ ಕೇಳಿದವುಗಳ ಪಟ್ಟಿ ತೆರೆಯಿರಿ. ಕೇಳಿದ ಹಾಡುಗಳ ಲೆಕ್ಕ ಇಡುವ ಲಾಸ್ಟ್.ಎಫ್‌ಎಂ ಜಾಲತಾಣ ಬಳಸುವವರಾದರೆ ಕಳೆದ ಏಳು ದಿನದ ಲೆಕ್ಕ ಅಲ್ಲೇ ಸಿಗುತ್ತದೆ. ಅದರಲ್ಲಿ ಮೂರು ಗುರುತು ಹುಡುಕಿ. ಮುಗಿದ ತಕ್ಷಣ ಮತ್ತೆ ಮೊದಲಿನಿಂದ ಹಾಕಿದ್ದು ಯಾವುದು? ಬೇರೆ ಕೆಲಸ ಮಾಡುವಾಗ ತನ್ನಷ್ಟಕ್ಕೆ ಗುನುಗಿಕೊಂಡಿದ್ದು ಯಾವುದು? ಯಾವ ಆಲ್ಬಂ ಮಧ್ಯೆ ಫೋನ್ ಬಂದಾಗ ‘ಛೆ, ಈಗಲೇ ಬರಬೇಕಿತ್ತಾ’ ಅನಿಸಿತು? ಮೂರಕ್ಕೂ ಒಂದೇ ಉತ್ತರ ಬಂದರೆ ಅದನ್ನೇ ಕೊಡಿ.

ಅದು ಹೊಸ ಬಿಡುಗಡೆ ಆಗಿರಬೇಕಿಲ್ಲ. ಐವತ್ತು ವರ್ಷ ಹಳೆಯದಾದರೂ ನೀವು ಈಗ ಕೇಳುತ್ತಿದ್ದರೆ ಅದು ಈಗಿನದೇ. ಪೂರ್ತಿ ಅರ್ಥವಾಗಿರಬೇಕು ಅಂತಲೂ ಇಲ್ಲ. ‘ಇದರಲ್ಲಿ ಏನೋ ಇದೆ, ಏನಂತ ಇನ್ನೂ ಗೊತ್ತಾಗಿಲ್ಲ’ ಅಂತ ಕೊಟ್ಟ ಆಲ್ಬಂಗಳ ಸುತ್ತಲೇ ಒಳ್ಳೆಯ ಮಾತುಕತೆ ಹುಟ್ಟುವುದನ್ನು ಕಂಡಿದ್ದೇನೆ.

ಇನ್ನು, ಒಂದೇ ಕೊಡಿ. ಹನ್ನೆರಡು ಆಲ್ಬಂಗಳ ಕೊಲಾಜ್ ಚಿತ್ರ ನೋಡಲು ಚೆಂದ. ಆದರೆ ಅದನ್ನು ನೋಡಿದವರು ಯಾವುದರಿಂದ ಶುರು ಮಾಡಬೇಕು ಅಂತ ತಿಳಿಯದೆ ಮುಂದೆ ಹೋಗುತ್ತಾರೆ.

ಹಂತ 2: ಅವಧಿ ನೋಡಿ, ಬೇಕಿದ್ದರೆ ಎರಡು ಭಾಗ ಮಾಡಿ

1948ರಲ್ಲಿ ಕೊಲಂಬಿಯಾ ಕಂಪನಿ ತಂದ ಎಲ್‌ಪಿ (ಲಾಂಗ್ ಪ್ಲೇ) ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತಿತ್ತು. ಒಂದೊಂದು ಬದಿಯಲ್ಲಿ ಸುಮಾರು 22 ನಿಮಿಷ ಸಂಗೀತ ಹಿಡಿಯುತ್ತಿತ್ತು. ಅದಕ್ಕೂ ಮುಂಚಿನ 78 ಸುತ್ತಿನ ತಟ್ಟೆಗಳಲ್ಲಿ ಒಂದು ಬದಿಗೆ ಮೂರರಿಂದ ಐದು ನಿಮಿಷ ಸಿಕ್ಕರೆ ಹೆಚ್ಚು. ಎಲ್‌ಪಿ ಬಂದ ಮೇಲೆ ಹಾಡುಗಳನ್ನು ಯಾವ ಕ್ರಮದಲ್ಲಿ ಇಡಬೇಕು ಅನ್ನುವುದು ದೊಡ್ಡ ವಿಚಾರವಾಯಿತು. ಮೊದಲ ಬದಿ ಹೇಗೆ ತೆರೆಯಬೇಕು, ತಟ್ಟೆ ತಿರುಗಿಸುವ ಮುಂಚೆ ಯಾವ ಹಾಡಿನಲ್ಲಿ ನಿಲ್ಲಬೇಕು, ಎರಡನೇ ಬದಿ ಮತ್ತೆ ಹೇಗೆ ಏಳಬೇಕು. ಇವತ್ತು ತಟ್ಟೆ ಇಲ್ಲದೆ ಕೇಳಿದರೂ ಎಲ್‌ಪಿ ಕಾಲದ ಆಲ್ಬಂಗಳ ನಟ್ಟನಡುವೆ ಆ ತಿರುವು ಕೇಳಿಸುತ್ತದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ 74 ನಿಮಿಷ ಜಾಗ ಇತ್ತು. ಹಾಗಾಗಿ ತೊಂಬತ್ತರ ದಶಕದ ಎಷ್ಟೋ ಆಲ್ಬಂಗಳು ಒಂದು ಗಂಟೆ ದಾಟುತ್ತವೆ.

ಇದು ನಿಮಗೆ ಏಕೆ ಬೇಕು ಅಂದರೆ, 38 ನಿಮಿಷದ ಆಲ್ಬಂ ಕೊಡುವುದಕ್ಕೂ 75 ನಿಮಿಷದ್ದು ಕೊಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಉದ್ದದ್ದಾದರೆ ಎಲ್ಲಿ ನಿಲ್ಲಿಸಬಹುದು ಅಂತ ನೀವೇ ಹೇಳಿ. ‘ಏಳನೇ ಟ್ರ್ಯಾಕ್‌ವರೆಗೆ ಇವತ್ತು ಕೇಳಿ, ಉಳಿದದ್ದು ನಾಳೆ’ ಅಂದರೆ ಕೇಳುವವರಿಗೆ ದಾರಿ ಸಿಗುತ್ತದೆ. ಅವಧಿಯನ್ನು ಮೆಸೇಜ್‌ನಲ್ಲೇ ಬರೆಯಿರಿ. 41 ನಿಮಿಷ ಅಂತ ಕಂಡ ತಕ್ಷಣ ಅದು ತಮ್ಮ ದಿನದಲ್ಲಿ ಎಲ್ಲಿ ಕೂರುತ್ತದೆ ಅಂತ ಜನ ಲೆಕ್ಕ ಹಾಕಿಕೊಳ್ಳುತ್ತಾರೆ.

ಹಂತ 3: ಚಿಕ್ಕ ಗುಂಪು, ಸರದಿ ಪ್ರಕಾರ

ನಾಲ್ಕರಿಂದ ಆರು ಜನ ಸಾಕು. ಐದು ಜನರ ಗುಂಪಿನಲ್ಲಿ ಎಲ್ಲರೂ ಪ್ರತಿ ವಾರ ಒಂದೊಂದು ಆಲ್ಬಂ ಕೊಟ್ಟರೆ ವಾರಕ್ಕೆ ಸುಮಾರು ನಾಲ್ಕು ಗಂಟೆ ಕೇಳಬೇಕಾಗುತ್ತದೆ. ಎರಡನೇ ವಾರಕ್ಕೇ ಎಲ್ಲರಿಗೂ ಸುಸ್ತಾಗುತ್ತದೆ. ಬದಲಿಗೆ ವಾರಕ್ಕೆ ಒಬ್ಬರದೇ ಸರದಿ ಇರಲಿ. ಐದು ವಾರಕ್ಕೊಮ್ಮೆ ನಿಮ್ಮ ಸರದಿ ಬರುತ್ತದೆ. ಆ ನಡುವೆ ಹೊಸದೊಂದು ನಿಮ್ಮ ಕಿವಿಗೆ ಬಿದ್ದು, ಚೆನ್ನಾಗಿ ಕೂತು, ಕೊಡುವುದಕ್ಕೆ ತಯಾರಾಗಿರುತ್ತದೆ.

ಒಂದೇ ಬಗೆಯ ಸಂಗೀತ ಕೇಳುವವರನ್ನೇ ಸೇರಿಸಬೇಡಿ. ಒಬ್ಬರು ಮೆಟಲ್ ಕೇಳುವವರು, ಒಬ್ಬರು ಶಾಸ್ತ್ರೀಯ ಕೇಳುವವರು, ಇನ್ನೊಬ್ಬರಿಗೆ ಹಾಡಿನ ಮಾತು ಮುಖ್ಯ, ಮತ್ತೊಬ್ಬರಿಗೆ ಬೀಟ್ ಮುಖ್ಯ. ಹೀಗಿದ್ದರೆ ಒಂದೇ ಆಲ್ಬಂ ಬಗ್ಗೆ ನಾಲ್ಕು ಬೇರೆ ಬೇರೆ ಮಾತು ಸಿಗುತ್ತದೆ.

ಹಂತ 4: ಜೊತೆಗಿನ ಟಿಪ್ಪಣಿ

ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಸಾಮಾನ್ಯವಾಗಿ ನಾವು ಬರೆಯುವುದು ಹೀಗೆ: ‘ಅದ್ಭುತ ಆಲ್ಬಂ. ಮಸ್ಟ್ ಲಿಸನ್. ಲೈಫ್ ಚೇಂಜಿಂಗ್.’ ಇದರಲ್ಲಿ ಕೇಳುವವರಿಗೆ ಒಂದೂ ಸುಳಿವಿಲ್ಲ. ಅಷ್ಟೇ ಅಲ್ಲ, ಅವರ ಮೇಲೆ ಒಂದು ಭಾರವೂ ಬೀಳುತ್ತದೆ. ಜೀವನ ಬದಲಾಗದಿದ್ದರೆ ಏನು ಹೇಳುವುದು?

ಅದೇ ಆಲ್ಬಂಗೆ ಈ ಟಿಪ್ಪಣಿ ನೋಡಿ:

‘ಒಬ್ಬರೇ ಕೂತು ಪಿಯಾನೊ ನುಡಿಸಿದ್ದು, ಬೇರೆ ವಾದ್ಯ ಇಲ್ಲ, 39 ನಿಮಿಷ. ಮೈಕ್ ತುಂಬಾ ಹತ್ತಿರ ಇಟ್ಟಿದ್ದಾರೆ, ಕೂತ ಸ್ಟೂಲ್ ಕಿರುಗುಟ್ಟುವುದೂ ಉಸಿರಾಡುವುದೂ ಕೇಳಿಸುತ್ತದೆ. ಮೊದಲ ಟ್ರ್ಯಾಕ್ ಸ್ವಲ್ಪ ನಿಧಾನ, ತಾಳ್ಮೆ ಇರಲಿ. ನಾಲ್ಕನೆಯದರಲ್ಲಿ ಎಡಗೈ ಒಂದೇ ಸ್ವರವನ್ನು ಬಿಡದೆ ಬಾರಿಸುತ್ತಿರುತ್ತದೆ, ಎರಡು ನಿಮಿಷದ ಹತ್ತಿರ ಇದ್ದಕ್ಕಿದ್ದ ಹಾಗೆ ನಿಲ್ಲುತ್ತದೆ. ಅಲ್ಲಿ ನನಗೆ ಪ್ರತಿ ಸಲ ಮೈ ಜುಮ್ ಅನ್ನುತ್ತೆ. ರಾತ್ರಿ ದೀಪ ಆರಿಸಿದ ಮೇಲೆ ಹೆಡ್‌ಫೋನ್‌ನಲ್ಲಿ ಕೇಳಿ.’

ಇಲ್ಲಿ ನಾಲ್ಕು ವಿಷಯ ಬಂದಿದೆ. ಏನು ಕೇಳಿಸುತ್ತದೆ, ಎಲ್ಲಿ ಕಷ್ಟ, ಯಾವ ಕ್ಷಣಕ್ಕೆ ಕಾಯಬೇಕು, ಯಾವಾಗ ಮತ್ತು ಹೇಗೆ ಕೇಳಬೇಕು. ಹೊಗಳಿಕೆ ಒಂದೂ ಇಲ್ಲ, ಆದರೂ ಬರೆದವರಿಗೆ ಇದು ಎಷ್ಟು ಇಷ್ಟ ಅಂತ ಗೊತ್ತಾಗುತ್ತದೆ, ಅಲ್ವಾ?

ಈ ನಾಲ್ಕರಲ್ಲಿ ಜನ ಬಿಟ್ಟುಬಿಡುವುದು ಎರಡನೆಯದನ್ನು, ಅಂದರೆ ಕಷ್ಟ ಎಲ್ಲಿದೆ ಅನ್ನುವುದನ್ನು. ಹೇಳಿದರೆ ಓಡಿಹೋಗುತ್ತಾರೇನೋ ಅನ್ನುವ ಭಯ. ಆಗುವುದು ಬೇರೆಯೇ. ‘ಐದನೇ ಟ್ರ್ಯಾಕ್ ಎಂಟು ನಿಮಿಷ ಬರೀ ಗದ್ದಲ, ಅದನ್ನು ದಾಟಿದರೆ ಆರನೆಯದು ಬೇರೆ ಲೋಕ’ ಅಂತ ಮೊದಲೇ ತಿಳಿದವರು ಗದ್ದಲವನ್ನೂ ಆಸಕ್ತಿಯಿಂದ ಕೇಳುತ್ತಾರೆ. ತಿಳಿಯದವರು ಅಲ್ಲೇ ನಿಲ್ಲಿಸುತ್ತಾರೆ.

ಪ್ರಕಾರದ ಹೆಸರುಗಳನ್ನು ಆದಷ್ಟು ಕಡಿಮೆ ಮಾಡಿ. ‘ಪೋಸ್ಟ್ ರಾಕ್’, ‘ಆ್ಯಂಬಿಯೆಂಟ್’ ಅನ್ನುವ ಮಾತು ಗೊತ್ತಿರುವವರಿಗೆ ಅದರ ಬಗ್ಗೆ ಮೊದಲೇ ಒಂದು ಅಭಿಪ್ರಾಯ ಇರುತ್ತದೆ. ಗೊತ್ತಿಲ್ಲದವರಿಗೆ ಏನೂ ತಿಳಿಯುವುದಿಲ್ಲ. ‘ಗಿಟಾರ್ ತುಂಬಾ ನಿಧಾನವಾಗಿ ಏರುತ್ತಾ ಹೋಗುತ್ತದೆ, ಹಾಡುವವರು ಇಲ್ಲ’ ಅಂದರೆ ಇಬ್ಬರಿಗೂ ಉಪಯೋಗ. ‘ಆ ಬ್ಯಾಂಡ್ ಥರಾನೇ’ ಅನ್ನುವ ಹೋಲಿಕೆಯೂ ಹಾಗೆಯೇ. ಆ ಬ್ಯಾಂಡ್ ಇಷ್ಟವಿಲ್ಲದವರು ಅಲ್ಲಿಗೇ ಬಾಗಿಲು ಹಾಕಿಕೊಳ್ಳುತ್ತಾರೆ.

ಟೈಪ್ ಮಾಡುವುದು ಬೇಜಾರು ಅನಿಸಿದರೆ ವಾಯ್ಸ್ ನೋಟ್ ಕಳಿಸಿ. ಒಂದು ನಿಮಿಷದೊಳಗೆ ಮುಗಿಸಿ. ಇಷ್ಟದ ಆಲ್ಬಂ ಬಗ್ಗೆ ಮಾತಾಡುವಾಗ ದನಿಯಲ್ಲಿ ಬರುವ ಉತ್ಸಾಹ ಎಷ್ಟೋ ಸಲ ಬರಹಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಹಂತ 5: ಸರಿಯಾದ ಆವೃತ್ತಿ, ಎಲ್ಲರಿಗೂ ತೆರೆಯುವ ಲಿಂಕ್

ಒಂದೇ ಆಲ್ಬಂ ಹೆಸರಿನಲ್ಲಿ ಹುಡುಕಿದರೆ ಮೂಲ ಆವೃತ್ತಿ, ರಿಮಾಸ್ಟರ್ (ಹಳೆಯ ರೆಕಾರ್ಡಿಂಗ್‌ನ ದನಿಯನ್ನು ಮತ್ತೆ ಹದಮಾಡಿದ್ದು), ಡೀಲಕ್ಸ್, ವಾರ್ಷಿಕೋತ್ಸವದ ಆವೃತ್ತಿ ಅಂತ ನಾಲ್ಕೈದು ಸಿಗುತ್ತವೆ. ಡೀಲಕ್ಸ್‌ನಲ್ಲಿ ಕೊನೆಯ ಹಾಡಾದ ಮೇಲೆ ಡೆಮೊ, ಲೈವ್, ರೀಮಿಕ್ಸ್ ಅಂತ ಹತ್ತು ಟ್ರ್ಯಾಕ್ ಸೇರಿಸಿರುತ್ತಾರೆ. ಕಲಾವಿದರು ಯೋಚಿಸಿ ಇಟ್ಟ ಕೊನೆ ಅಲ್ಲಿ ಮಾಸಿಹೋಗುತ್ತದೆ. ಮೊದಲ ಸಲ ಕೇಳುವವರಿಗೆ ಮೂಲ ಪಟ್ಟಿ ಇರುವುದನ್ನೇ ಕಳಿಸಿ. ಡೀಲಕ್ಸ್ ಮಾತ್ರ ಇದ್ದರೆ ‘ಹತ್ತನೇ ಟ್ರ್ಯಾಕ್‌ಗೆ ಆಲ್ಬಂ ಮುಗಿಯುತ್ತದೆ’ ಅಂತ ಬರೆಯಿರಿ.

ಆವೃತ್ತಿ ಬದಲಾದರೆ ಸಂಗೀತವೇ ಬದಲಾಗುವುದೂ ಉಂಟು. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಇದಕ್ಕೆ ಪ್ರಸಿದ್ಧ ಉದಾಹರಣೆ. ಮೊದಲ ದಿನದ ರೆಕಾರ್ಡಿಂಗ್‌ನಲ್ಲಿ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ಹಾಕಿದಾಗ ಎಲ್‌ಪಿಯ ಮೊದಲ ಬದಿಯ ಮೂರೂ ಟ್ರ್ಯಾಕ್‌ಗಳು ಸ್ವಲ್ಪ ಏರಿದ ಶ್ರುತಿಯಲ್ಲಿ ಕೇಳಿಸುತ್ತಿದ್ದವು. ತೊಂಬತ್ತರ ದಶಕದ ಮರುಬಿಡುಗಡೆಗಳಲ್ಲಿ ಇದನ್ನು ಸರಿಮಾಡಿದರು. ಅದಕ್ಕೂ ಮುಂಚಿನ ತಟ್ಟೆ ಇಟ್ಟುಕೊಂಡವರು ಮತ್ತು ಈಗ ಸ್ಟ್ರೀಮ್ ಮಾಡುವವರು ಮಾತಿಗೆ ಕೂತರೆ, ಇಬ್ಬರೂ ಕೇಳಿದ್ದು ಸ್ವಲ್ಪ ಬೇರೆ ಬೇರೆ ಸಂಗೀತ.

ಲಿಂಕ್ ವಿಚಾರಕ್ಕೆ ಬಂದರೆ, ಒಬ್ಬರು ಸ್ಪಾಟಿಫೈ, ಒಬ್ಬರು ಆ್ಯಪಲ್ ಮ್ಯೂಸಿಕ್, ಇನ್ನೊಬ್ಬರು ಯೂಟ್ಯೂಬ್ ಬಳಸುತ್ತಿರುತ್ತಾರೆ. ಒಡೆಸ್ಲಿ ಅನ್ನುವ ಸೇವೆಯಲ್ಲಿ ಯಾವುದಾದರೂ ಒಂದು ಲಿಂಕ್ ಹಾಕಿದರೆ ಎಲ್ಲ ಆ್ಯಪ್‌ಗಳ ಲಿಂಕ್ ಇರುವ ಒಂದೇ ಪುಟ ಮಾಡಿಕೊಡುತ್ತದೆ. ಸ್ವತಂತ್ರ ಕಲಾವಿದರ ಆಲ್ಬಂ ಆದರೆ, ಕಲಾವಿದರು ತಾವೇ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ತಾಣದ ಲಿಂಕ್ ಒಳ್ಳೆಯದು. ಖಾತೆ ಇಲ್ಲದವರೂ ಅಲ್ಲಿ ಸಾಮಾನ್ಯವಾಗಿ ಕೇಳಬಹುದು.

ಲಿಂಕ್ ಜೊತೆ ಕಲಾವಿದರ ಹೆಸರು, ಆಲ್ಬಂ ಹೆಸರು, ವರ್ಷ ಮೂರನ್ನೂ ಅಕ್ಷರದಲ್ಲಿ ಬರೆಯುವುದನ್ನು ಮರೆಯಬೇಡಿ. ಹಕ್ಕುಗಳ ಕಾರಣಕ್ಕೆ ಕೆಲವು ಆಲ್ಬಂಗಳು ಕೆಲವು ದೇಶಗಳಲ್ಲಿ ತೆರೆಯುವುದಿಲ್ಲ, ಕೆಲವು ಒಂದು ದಿನ ಇದ್ದಕ್ಕಿದ್ದ ಹಾಗೆ ಮಾಯವಾಗುತ್ತವೆ. ಹೆಸರು ಇದ್ದರೆ ಬೇರೆ ಕಡೆ ಹುಡುಕಬಹುದು.

ಹಂತ 6: ಕೇಳುವ ಮೊದಲು ಆ್ಯಪ್ ಸರಿಮಾಡಿ

ಇದು ಎರಡು ನಿಮಿಷದ ಕೆಲಸ. ಹಾಡುಗಳ ಕ್ರಮ ಕಲಸಿ ಹಾಕುವ ಶಫಲ್ ಆಫ್ ಮಾಡಿ. 2021ರ ನವೆಂಬರ್‌ನಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಸ್ಪಾಟಿಫೈ ಆಲ್ಬಂ ಪುಟಗಳಲ್ಲಿ ಮುಖ್ಯ ಬಟನ್ನಿನಿಂದ ಶಫಲ್ ತೆಗೆದುಹಾಕಿತು. ಆದರೂ ಹಿಂದೆ ಯಾವಾಗಲೋ ನೀವೇ ಆನ್ ಮಾಡಿಟ್ಟಿರಬಹುದು, ನೋಡಿಕೊಳ್ಳಿ. ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ. ಅದು ಆನ್ ಇದ್ದರೆ ಒಂದು ಹಾಡಿನ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಗ್ಯಾಪ್‌ಲೆಸ್ ಆಯ್ಕೆ ಇದ್ದರೆ ಆನ್ ಇರಲಿ. ಹಾಡಿನಿಂದ ಹಾಡಿಗೆ ಬಿಡುವಿಲ್ಲದೆ ಹರಿಯುವ ಆಲ್ಬಂಗಳಲ್ಲಿ ಅರ್ಧ ಸೆಕೆಂಡಿನ ಖಾಲಿ ಜಾಗವೂ ಕಿರಿಕಿರಿ.

ಇನ್ನೊಂದು, ಆಟೋಪ್ಲೇ ಆಫ್ ಮಾಡಿ. ಆಲ್ಬಂ ಮುಗಿದ ಮರುಕ್ಷಣವೇ ಆ್ಯಪ್ ತನಗೆ ತೋಚಿದ ಹಾಡು ಹಾಕಿಬಿಡುತ್ತದೆ. ಕೊನೆಯ ಹಾಡು ಮುಗಿದ ಮೇಲೆ ಒಂದು ನಿಮಿಷ ಏನೂ ಕೇಳಿಸದೆ ಇರುವುದು ತುಂಬಾ ಮುಖ್ಯ.

ಹಂತ 7: ಕೇಳುವವರ ಪಾಲಿನ ಕೆಲಸ

ಅಭಿಪ್ರಾಯ ಹೇಳುವ ಮುಂಚೆ ಎರಡು ಸಲ ಕೇಳಿ. ಮೊದಲ ಸಲ ನಡೆಯುತ್ತಲೋ, ಪಾತ್ರೆ ತೊಳೆಯುತ್ತಲೋ, ಸುಮ್ನೆ ಕೇಳಿ. ಏನನ್ನೂ ಹಿಡಿಯಲು ಹೋಗಬೇಡಿ. ಆಗ ತಾನಾಗಿ ಕಿವಿ ನಿಂತ ಜಾಗಗಳು ಎರಡೋ ಮೂರೋ ಇರುತ್ತವೆ. ಎರಡನೇ ಸಲ ಕೂತು, ಫೋನ್ ಮಗುಚಿಟ್ಟು ಕೇಳಿ. ಆ ಜಾಗಗಳು ಬಂದಾಗ ಸಮಯ ಗುರುತು ಹಾಕಿಕೊಳ್ಳಿ: ‘ಮೂರನೇ ಟ್ರ್ಯಾಕ್, 2:40, ಹಿಂದಿನಿಂದ ಇನ್ನೊಂದು ದನಿ’. ಇಷ್ಟು ಸಾಕು.

ನಡುವೆ ವಿಮರ್ಶೆ ಓದಬೇಡಿ. ಓದಿದರೆ ಅವರು ಹೇಳಿದ್ದೇ ನಿಮಗೆ ಕೇಳಿಸಲು ಶುರುವಾಗುತ್ತದೆ. ಎರಡನೇ ಸಲದ ನಂತರ ಎಷ್ಟು ಬೇಕಾದರೂ ಓದಿ. ಗೊತ್ತಿಲ್ಲದ ಭಾಷೆಯ ಹಾಡಾದರೆ ಮೊದಲ ಸಲ ಅರ್ಥ ಹುಡುಕದೆ ಕೇಳಿ, ಎರಡನೇ ಸಲ ಸಾಹಿತ್ಯ ಮುಂದಿಟ್ಟುಕೊಳ್ಳಿ. ಎರಡರ ನಡುವೆ ಆಗುವ ಬದಲಾವಣೆಯೇ ಗೆಳೆಯರಿಗೆ ಹೇಳಲು ಒಳ್ಳೆಯ ವಿಷಯ.

ಪೂರ್ತಿ ಕೇಳಲು ಆಗದಿದ್ದರೆ ‘ನಾಲ್ಕು ಟ್ರ್ಯಾಕ್ ಕೇಳಿದೆ’ ಅಂತಲೇ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಂತ 8: ಉತ್ತರ ಕೊಡುವುದು, ಉತ್ತರ ತೆಗೆದುಕೊಳ್ಳುವುದು

‘ಸೂಪರ್’ ಅನ್ನುವ ಉತ್ತರದಿಂದ ಮಾತು ಮುಂದುವರಿಯುವುದಿಲ್ಲ. ಒಂದು ಜಾಗ ಹಿಡಿದು ಹೇಳಿ. ‘ನೀನು ಹೇಳಿದ ನಾಲ್ಕನೇ ಟ್ರ್ಯಾಕ್‌ಗಿಂತ ನನಗೆ ಆರನೆಯದು ಹಿಡಿಸಿತು, ಅದರಲ್ಲಿ ಬಲಗೈ ಏನೋ ಹುಡುಕುತ್ತಾ ಹೋಗುತ್ತದೆ ಅನಿಸಿತು.’ ಇಂಥ ಒಂದು ಸಾಲು ಬಂದರೆ ಆಲ್ಬಂ ಕೊಟ್ಟವರು ಆ ಟ್ರ್ಯಾಕನ್ನು ತಕ್ಷಣ ಹೋಗಿ ಮತ್ತೆ ಕೇಳುತ್ತಾರೆ. ತಾವು ಹತ್ತಾರು ಸಲ ಕೇಳಿದ ಆಲ್ಬಂ ಅವರಿಗೆ ಹೊಸದಾಗುತ್ತದೆ. ಹಂಚಿಕೊಳ್ಳುವುದರಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಇಷ್ಟವಾಗದಿದ್ದರೆ? ಹಾಗಂತಲೇ ಹೇಳಿ, ಆದರೆ ಆಲ್ಬಂ ಮೇಲೆ ತೀರ್ಪು ಕೊಡಬೇಡಿ. ‘ಇದು ಬೋರ್’ ಅನ್ನುವ ಬದಲು ‘ಡ್ರಮ್ಸ್ ಶುರುವಿನಿಂದ ಕೊನೆವರೆಗೆ ಒಂದೇ ಏರಿನಲ್ಲಿತ್ತು, ನನಗೆ ಉಸಿರು ತೆಗೆದುಕೊಳ್ಳಲು ಜಾಗ ಸಿಗಲಿಲ್ಲ’ ಅನ್ನಿ. ಎರಡನೆಯದಕ್ಕೆ ಕೊಟ್ಟವರು ಉತ್ತರ ಹೇಳಬಹುದು. ‘ನನಗೆ ಆ ಬಿಡುವಿಲ್ಲದಿರುವುದೇ ಇಷ್ಟ’ ಅನ್ನಬಹುದು. ಮಾತು ಬೆಳೆಯುತ್ತದೆ. ಬೋರ್ ಅಂದರೆ ಯಾರು ಏನು ಹೇಳಲು ಸಾಧ್ಯ?

ಕೊಟ್ಟವರಿಗೂ ಎರಡು ಮಾತು. ‘ಕೇಳಿದ್ಯಾ? ಕೇಳಿದ್ಯಾ?’ ಅಂತ ದಿನಾ ಬೆನ್ನು ಹತ್ತಬೇಡಿ. ವಾರದ ಕೊನೆಗೆ ಒಂದು ದಿನ ಗೊತ್ತು ಮಾಡಿ, ಅವತ್ತು ಎಲ್ಲರೂ ಮಾತಾಡಲಿ. ಮತ್ತೆ, ಆಲ್ಬಂ ಪರವಾಗಿ ವಾದಕ್ಕೆ ಇಳಿಯಬೇಡಿ. ಯಾರಿಗಾದರೂ ಹಿಡಿಸಲಿಲ್ಲ ಅಂದರೆ ಅವರಿಗೆ ಸಂಗೀತ ಗೊತ್ತಿಲ್ಲ ಅಂತ ಅರ್ಥವಲ್ಲ.

ಹಂತ 9: ಆಗಾಗ ಒಟ್ಟಿಗೆ ಕೇಳಿ

1979ರಲ್ಲಿ ಸೋನಿ ತಂದ ಮೊದಲ ವಾಕ್‌ಮನ್‌ನಲ್ಲಿ ಎರಡು ಹೆಡ್‌ಫೋನ್ ಚುಚ್ಚುವ ಜಾಗ ಇತ್ತು. ಒಬ್ಬರೇ ಕೇಳುವ ಯಂತ್ರ ಮಾಡುವಾಗಲೂ ಪಕ್ಕದವರಿಗೊಂದು ಜಾಗ ಇಟ್ಟಿದ್ದರು. ಈಗ ದೂರ ಇರುವ ಗೆಳೆಯರ ಜೊತೆಗೂ ಇದು ಸಾಧ್ಯ. ಸ್ಪಾಟಿಫೈಯಲ್ಲಿ 2023ರಿಂದ ಜ್ಯಾಮ್ ಇದೆ, ಆ್ಯಪಲ್ ಫೋನ್‌ಗಳಲ್ಲಿ 2021ರಿಂದ ಶೇರ್‌ಪ್ಲೇ ಇದೆ. ಇವೆರಡೂ ಇಲ್ಲದಿದ್ದರೆ ಗ್ರೂಪಿನಲ್ಲಿ ಮೂರು, ಎರಡು, ಒಂದು ಅಂತ ಎಣಿಸಿ ಎಲ್ಲರೂ ಒಟ್ಟಿಗೆ ಪ್ಲೇ ಒತ್ತಿ. ಒಂದೆರಡು ಸೆಕೆಂಡ್ ಹಿಂದೆ ಮುಂದೆ ಆದರೆ ಏನೂ ನಷ್ಟವಿಲ್ಲ.

ಒಂದೇ ನಿಯಮ: ಅರ್ಧ ಮುಗಿಯುವವರೆಗೆ ಯಾರೂ ಮಾತಾಡಬಾರದು, ಟೈಪ್ ಮಾಡಬಾರದು. ಅಲ್ಲಿ ಐದು ನಿಮಿಷ ಬಿಡುವು ಕೊಟ್ಟು ಮಾತಾಡಿ, ಆಮೇಲೆ ಉಳಿದ ಅರ್ಧ.

ಹಂತ 10: ಒಂದು ಪಟ್ಟಿ ಇಡಿ, ಅಂಕ ಬೇಡ

ಎಲ್ಲರೂ ತಿದ್ದಬಹುದಾದ ಒಂದು ಶೀಟ್ ಮಾಡಿ. ತಾರೀಕು, ಕೊಟ್ಟವರು, ಕಲಾವಿದರು, ಆಲ್ಬಂ, ವರ್ಷ, ಮತ್ತು ಪ್ರತಿಯೊಬ್ಬರಿಂದ ಒಂದು ಸಾಲು. ಹತ್ತಕ್ಕೆ ಇಷ್ಟು ಅನ್ನುವ ಕಾಲಂ ಮಾತ್ರ ಹಾಕಬೇಡಿ. ಅಂಕ ಶುರುವಾದ ದಿನದಿಂದ ಎಲ್ಲರೂ ಎಲ್ಲರಿಗೂ ಹಿಡಿಸುವಂಥದ್ದನ್ನೇ ಹುಡುಕಲು ಶುರು ಮಾಡುತ್ತಾರೆ. ಯಾರಿಗೂ ಬೇಡವಾದರೂ ನನಗೆ ಇಷ್ಟ ಅನ್ನುವ ಆಲ್ಬಂ ಆಮೇಲೆ ಬರುವುದೇ ಇಲ್ಲ.

ಪಟ್ಟಿಯಲ್ಲಿ ನಿಮ್ಮನ್ನು ತುಂಬಾ ಕಾಡಿದ್ದು ಯಾವುದಾದರೂ ಇದ್ದರೆ ಅದನ್ನು ದುಡ್ಡು ಕೊಟ್ಟು ಕೊಳ್ಳಿ. ಬ್ಯಾಂಡ್‌ಕ್ಯಾಂಪ್ 2020ರ ಮಾರ್ಚ್‌ನಲ್ಲಿ ಶುರು ಮಾಡಿದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಲ್ಲಿ ಕಂಪನಿ ತನ್ನ ಪಾಲನ್ನು ಬಿಟ್ಟುಕೊಡುತ್ತದೆ. ಅಂಥ ದಿನ ನೋಡಿಕೊಂಡು ಕೊಂಡರೆ ಕಲಾವಿದರಿಗೆ ಜಾಸ್ತಿ ಸಿಗುತ್ತದೆ. ಆಲ್ಬಂ ಫೈಲುಗಳನ್ನೇ ಕಾಪಿ ಮಾಡಿ ಗ್ರೂಪಿಗೆ ಹಂಚುವುದು ಬೇಡ.

ಗುಂಪು ತಣ್ಣಗಾದರೆ

ಕೆಲವು ತಿಂಗಳಾದ ಮೇಲೆ ಒಂದೆರಡು ವಾರ ಯಾರೂ ಏನೂ ಹೇಳದ ಹಾಗಾಗುತ್ತದೆ. ಕೆಲಸ ಇರುತ್ತದೆ, ಕೆಲವೊಮ್ಮೆ ಯಾರಿಗೂ ಏನೂ ಕೇಳುವ ಮನಸ್ಸೇ ಇರುವುದಿಲ್ಲ. ಆಗ ಹೊಸ ನಿಯಮ ಮಾಡಬೇಡಿ. ಯಾರನ್ನೂ ದೂರಬೇಡಿ. ಸರದಿ ಬಂದವರು ‘ಈ ಸಲ ಬಿಡಿ’ ಅನ್ನಬಹುದು ಅಂತ ಮೊದಲೇ ಹೇಳಿಟ್ಟಿರಿ.

ಮತ್ತೆ ಶುರು ಮಾಡಲು ಹೊಸ ಆಲ್ಬಂ ಹುಡುಕಬೇಕಿಲ್ಲ. ಶೀಟ್ ತೆರೆದು, ಬೇರೆಯವರು ಕೊಟ್ಟಿದ್ದರಲ್ಲಿ ನಿಮಗೆ ಆಗ ಹಿಡಿಸದೆ ಹೋದದ್ದನ್ನು ಒಂದು ಆರಿಸಿ. ಮತ್ತೊಮ್ಮೆ ಪೂರ್ತಿ ಕೇಳಿ. ಈಗ ಏನು ಬೇರೆ ಕೇಳಿಸಿತು ಅಂತ ನಾಲ್ಕು ಸಾಲು ಬರೆದು, ಅದನ್ನು ಕೊಟ್ಟವರ ಹೆಸರು ಹಾಕಿ ಗ್ರೂಪಿಗೆ ಕಳಿಸಿ. ಅವರು ಖಂಡಿತ ಉತ್ತರ ಕೊಡುತ್ತಾರೆ. ಮುಂದಿನ ವಾರದ ಸರದಿ ಅವರಿಗೇ ಬಿಡಿ.